ಲೆಕ್ಕದಲ್ಲಿರುವ ಮಾವ

ಜುಲೈ. ಬೈತಖೋಲದಲ್ಲಿ ಬೋಟುಗಳೆಲ್ಲ
ಕಟ್ಟಿಹಾಕಿದ ಎಮ್ಮೆಗಳ ಹಾಗೆ
ಒಂದಕ್ಕೊಂದು ಮೈ ಉಜ್ಜುತ್ತ ನಿಂತಿವೆ.
ನಿಷೇಧ ಮುಗಿಯಲು ಇನ್ನೂ ಹದಿಮೂರು ದಿನ.
ತಾಡಪತ್ರಿಯ ಕೆಳಗೆ ಬಲೆ ಹರಡಿಕೊಂಡು
ಹರಿದ ಕಣ್ಣು ಹುಡುಕುವ ಗಂಡಸರು,
ಪಕ್ಕದಲ್ಲಿ ಒಣಸಿಗಡಿ ಮಾರುವ ನಾನು,
ರೇಡಿಯೋದಲ್ಲಿ ರಾಷ್ಟ್ರಪತಿ ಚುನಾವಣೆ.

ಉಲ್ಲಾಸ ತಾಂಡೇಲ ಸೂಜಿ ನಿಲ್ಲಿಸಿದ:
"ದೇಶದ ಯಜಮಾನನ್ನು ಆರಿಸುವಾಗ
ನನ್ನ ಬೆರಳು ಯಾಕೆ ಬೇಡ?
ರಂಪಣಿಯ ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲಿತ್ತು,
ದಾರಿಹೋಕನಿಗೂ ನಾಲ್ಕು ತಾರ್ಲೆ ಸಿಗುತ್ತಿತ್ತು.
ಇಲ್ಲಿ ಎಳೆಯುವವರು ನಾವು,
ಪಾಲು ಹಾಕುವವರು ಬಾಗಿಲು ಹಾಕಿಕೊಂಡು ಒಳಗೆ."

ಮೂವತ್ತು ವರ್ಷ ಪರ್ಸೀನ್ ಓಡಿಸಿದ ದತ್ತಾ ಪೆಡ್ನೇಕರ
ತಲೆ ಎತ್ತದೆಯೇ ಹೇಳಿದ:
"ಚುಕ್ಕಾಣಿ ಯಾರಿಗೆಂದು ದಂಡೆಯ ಜನವನ್ನು ಕೇಳಿದರೆ
ಚೆನ್ನಾಗಿ ಮಾತಾಡುವವನಿಗೆ ಕೊಡ್ತಾರೆ,
ಗಾಳಿ ಗೊತ್ತಿದ್ದವನಿಗಲ್ಲ.
ಮತ್ತೆ, ತಲೆಯನ್ನೇ ಎಣಿಸುವುದಾದರೆ ನಮ್ಮದೆಷ್ಟು?
ಕಾಳಿ ಹೊಳೆ ಕಡಲು ಸೇರಿದ ಮೇಲೆ
ಸಿಹಿನೀರು ಎಲ್ಲಿದೆ ಅಂತ
ಯಾರಾದರೂ ರುಚಿ ನೋಡ್ತಾರಾ?"

"ಈಗ ಯಾರು ನೋಡ್ತಿದ್ದಾರೆ?"

ಮೂಲೆಯಿಂದ ಇನ್ಯಾರೋ:
"ನಮ್ಮ ಸಂಘದ ಅಧ್ಯಕ್ಷನನ್ನೂ ಹನ್ನೊಂದು ಜನವೇ ಆರಿಸಿದ್ದು.
ಐಸಿನ ದರ ಇಳಿಯಿತಾ?"
ಎಲ್ಲರೂ ನಕ್ಕರು. ಅಧ್ಯಕ್ಷನ ತಮ್ಮನೂ.

ಪಾವು ಕಿಲೋ ಸಿಗಡಿಗೆ ಬಂದ ರೇವಣಕರ ಮಾಸ್ತರು
ಕೊಡೆ ಮಡಚಿ, ಐಸಿನ ಪೆಟ್ಟಿಗೆಯ ಮೇಲೆ ಕೂತು
ನನ್ನ ಪೊಟ್ಟಣದ ಕಾಗದದ ಮೇಲೇ ಲೆಕ್ಕ ಮಾಡಿದರು:
ರಾಜ್ಯದ ಜನವನ್ನು ಶಾಸಕರಿಗೆಲ್ಲ ಹಂಚು,
ಬಂದದ್ದನ್ನು ಸಾವಿರದಿಂದ ಭಾಗಿಸು,
ಶೇಷ ಐನೂರು ಮುಟ್ಟಿದರೆ ಒಂದು ಕೂಡಿಸು,
ಮುಟ್ಟದಿದ್ದರೆ ಬಿಟ್ಟುಬಿಡು.

ಬಲೆಗೆ ಎಷ್ಟು ಬೆರಳಿನ ಕಣ್ಣು ಎಂದು
ಇಲ್ಲಿ ಯಾರಿಗೂ ಪಾಠ ಬೇಕಿಲ್ಲ.

ನೂರ ಮೂವತ್ತೊಂದು:
ನಮ್ಮ ಶಾಸಕನ ಒಂದು ಮತದ ತೂಕ.
ಸಿಕ್ಕಿಂನವನದು ಏಳು.
ಉತ್ತರ ಪ್ರದೇಶದವನದು ಇನ್ನೂರ ಎಂಟು.
"ಇದರೊಳಗೆ ನೀವೂ ಇದ್ದೀರಿ," ಎಂದರು ಮಾಸ್ತರು,
"ಚೂರು ಚೂರು."

ಯಾವ ಗಣತಿಯ ಜನ ಮಾಸ್ತರೇ, ಎಂದೆ.

"ಎಪ್ಪತ್ತೊಂದರದು."

ನಾನು ಹುಟ್ಟಿದ್ದು ಎಪ್ಪತ್ನಾಲ್ಕರಲ್ಲಿ.
ಉಲ್ಲಾಸ ಎಂಬತ್ತೆಂಟರವನು.
ದತ್ತಾನಿಗೆ ಆಗ ಆರು ವರ್ಷ, ಸಿಂಬಳ ಸುರಿಸುತ್ತಿದ್ದ;
ಈಗ ಮೀಸೆ ತೀಡಿಕೊಂಡ.

ನನಗೆ ಅಮ್ಮ ಹೇಳಿದ್ದು ನೆನಪಾಯಿತು.
ನೌಕಾನೆಲೆಯ ಬೇಲಿಯೊಳಗೆ ಹೋದ ನಮ್ಮ ಊರು,
ಮಾರ್ಚ್ ತಿಂಗಳ ಮಧ್ಯಾಹ್ನ,
ಬಾಗಿಲ ಮೇಲೆ ಕೆಮ್ಮಣ್ಣಿನಲ್ಲಿ ನಂಬರು ಬರೆದು
ಗಣತಿಯವನು ಕೇಳಿದನಂತೆ: ಎಷ್ಟು ಜನ?
ಏಳು, ಎಂದಳು ಅಜ್ಜಿ.
ಆರೇ ಕಾಣುತ್ತದಲ್ಲ?
ಪುರ್ಸು ಕಡಲಿಗೆ ಹೋಗಿದ್ದಾನೆ, ಬರುತ್ತಾನೆ.
ಬರೆದುಕೊಂಡ.

ಅಂಜುದೀವದ ಆಚೆ ಒಂದು ಹಲಗೆ ಸಿಕ್ಕಿತು, ಅಷ್ಟೆ.
ಬಾಗಿಲು ಹೋಯಿತು, ನಂಬರು ಹೋಯಿತು,
ತೋಡೂರು ಕಾಲೊನಿಯ ಮನೆಗೆ ಬೇರೆ ನಂಬರು.
ಪುರ್ಸು ಮಾವ ಮಾತ್ರ ಆ ನೂರ ಮೂವತ್ತೊಂದರಲ್ಲಿ
ಇನ್ನೂ ಇದ್ದಾನೆ:
ಐದು ವರ್ಷಕ್ಕೊಮ್ಮೆ, ಹೀಗೇ ಜುಲೈಯಲ್ಲಿ,
ಒದ್ದೆ ಲಂಗೋಟಿಯಲ್ಲೇ ವಿಧಾನಸೌಧ ಹತ್ತಿ
ಯಾರದೋ ಬೆರಳಿನ ಜೊತೆ ಮತ ಹಾಕಿ ಬರುತ್ತಾನೆ.
ನಾನು ಇಲ್ಲ.

ಉಲ್ಲಾಸ ನನ್ನನ್ನು ಕೇಳಿದ, ಬಾಯಿ, ನೀನು ಯಾರ ಕಡೆ?
ನಿನ್ನ ಕಡೆಯೇ ಮಾರಾಯ, ಎನ್ನಬೇಕೆಂದಿದ್ದೆ.
ನನಗೂ ಒಂದು ಬೆರಳಿದೆ, ಉಪ್ಪು ತಿಂದು ಬಿರಿದದ್ದು.
ಆದರೆ ಹೊಸದಾಗಿ ಎಣಿಸಿದ ದಿನ
ಮಾವ ಸಾಯುತ್ತಾನೆ.
ಅಮ್ಮನಿಗೆ ಹೇಳುವವರು ಯಾರು?

ತಕ್ಕಡಿ ಎತ್ತಿದೆ. ಪಾವು ಕಿಲೋ ಸರಿಯಾಗಿ ತೂಗಿ
ಮೇಲೊಂದು ಹಿಡಿ ಹಾಕಿದೆ.
"ಇದು ಯಾರ ಲೆಕ್ಕ?" ಎಂದರು ಮಾಸ್ತರು.

ಶೇಷ, ಎಂದೆ.